ಮನೆಯ ಹಳೆಯ ಕಂಪ್ಯೂಟರ್: ಕೆಟ್ಟಿರುವುದು ಯಾವುದು, ಕಾಯಬೇಕಾದುದು ಯಾವುದು?



ಮಕ್ಕಳು ಓದುವಾಗ ಕೊಂಡ ಕಂಪ್ಯೂಟರ್ ನಮ್ಮಲ್ಲಿ ಅನೇಕರ ಮನೆಯ ಮೂಲೆಯಲ್ಲಿ ಇಂದಿಗೂ ಇದೆ. ಜ್ಞಾನಸ್ನಾನದ, ಮದುವೆಯ ಫೋಟೋಗಳು ಇರುವುದು ಅದರಲ್ಲೇ. ದೂರದ ಊರಿನ ಮೊಮ್ಮಕ್ಕಳ ಮುಖ ಕಾಣುವುದೂ, ಪಿಂಚಣಿಯ ಲೆಕ್ಕ ನೋಡುವುದೂ ಅದರಲ್ಲೇ. ಒಂದು ದಿನ ಇದ್ದಕ್ಕಿದ್ದಂತೆ ಇಂಟರ್ನೆಟ್ ನಿಂತುಹೋಗುತ್ತದೆ. ಆಗ ಗಾಬರಿಯಲ್ಲಿ ಯಾರೋ ಹೇಳಿದ ಸಾಫ್ಟ್‌ವೇರ್ ಹಾಕುವುದೂ, ಗುರುತಿಲ್ಲದವರಿಗೆ ಫೋನ್ ಮಾಡುವುದೂ ಉಂಟು. ನೋವು ಎಲ್ಲಿದೆ ಎಂದು ಕೇಳದೆ ವೈದ್ಯರು ಮದ್ದು ಬರೆಯುತ್ತಾರೆಯೇ? ನಾವೂ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕೋಣ.

ಮೊದಲನೆಯದಾಗಿ, ತೊಂದರೆ ಮನೆಯ ಹೊರಗಿದೆಯೋ ಒಳಗಿದೆಯೋ? ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಯಿಂದಲೇ ಮೊಬೈಲಿನಲ್ಲಿ ಏನನ್ನಾದರೂ ತೆರೆದು ನೋಡೋಣ. ಅದಕ್ಕೂ ಬಾರದಿದ್ದರೆ ತಪ್ಪು ಕಂಪ್ಯೂಟರಿನದಲ್ಲ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿದ್ದರೆ, ಹೊರಗಿನಿಂದ ಬರಬೇಕಾದ ಸಂಕೇತವೇ ಬರುತ್ತಿಲ್ಲ ಎಂದರ್ಥ. ಸಂಪರ್ಕ ಕೊಟ್ಟವರಿಗೇ ತಿಳಿಸಬೇಕು. ಕೆಂಪು ದೀಪ ಇಲ್ಲದಿದ್ದರೆ ರೂಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಎರಡನೆಯದಾಗಿ, ಮೊಬೈಲಿಗೆ ಬಂದು ಕಂಪ್ಯೂಟರಿಗೆ ಮಾತ್ರ ಬಾರದಿದ್ದರೆ? ಈಗಿನ ಅನೇಕ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಅಲೆಗಳಲ್ಲಿ ವೈಫೈ ಕೊಡುತ್ತವೆ. ಹಳೆಯ ಕಂಪ್ಯೂಟರುಗಳಲ್ಲಿ ಅನೇಕಕ್ಕೆ ಮೊದಲನೆಯದು ಮಾತ್ರ ಸಿಗುತ್ತದೆ. ಹೊಸ ರೂಟರ್ ಬಂದ ದಿನವೇ ಹಳೆಯ ಯಂತ್ರ ‘ಕೆಟ್ಟಂತೆ’ ಕಾಣಲು ಇದೂ ಒಂದು ಕಾರಣ. 2.4ರ ಹೆಸರನ್ನು ಆರಿಸಬೇಕು, ಇಲ್ಲವೇ ಕೇಬಲ್‌ನಿಂದ ನೇರವಾಗಿ ಜೋಡಿಸಬೇಕು.

ಮೂರನೆಯದಾಗಿ, ಗಡಿಯಾರ! ಪರದೆಯ ಮೂಲೆಯಲ್ಲಿ ಇಂದಿನ ತಾರೀಕು ಇದೆಯೇ? ಕಂಪ್ಯೂಟರಿನ ಒಳಗೆ ನಾಣ್ಯದಂಥ ಸಣ್ಣ ಬ್ಯಾಟರಿಯೊಂದಿದೆ. ಸಾಮಾನ್ಯವಾಗಿ ಸಿಆರ್ 2032 ಎಂಬ ಮೂರು ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಇಂತಿಷ್ಟು ದಿನ ಎಂಬ ಅವಧಿಯ ಪ್ರಮಾಣಪತ್ರ ಇರುತ್ತದೆ. ತಾರೀಕು ತಪ್ಪಿದ ಕಂಪ್ಯೂಟರ್ ಆ ಪತ್ರವನ್ನು ನಂಬುವುದಿಲ್ಲ. ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಎಲ್ಲ ಕಡೆಯೂ ತಡೆಯುತ್ತದೆ. ವೈರಸ್ ಬಂದಿದೆ ಎಂದು ಹೆದರಬೇಕಾಗಿಲ್ಲ. ತಾರೀಕು ಸರಿಪಡಿಸಿ ಬ್ಯಾಟರಿ ಬದಲಿಸಿದರೆ ಸಾಕು.

ತಾರೀಕು ಸರಿಯಿದ್ದೂ ಆ ಎಚ್ಚರಿಕೆ ಬಂದರೆ? ಆಗ ಅದನ್ನು ದಾಟಿ ಮುಂದೆ ಹೋಗಬಾರದು, ಬ್ಯಾಂಕಿನ ತಾಣದಲ್ಲಂತೂ ಬೇಡವೇ ಬೇಡ.

ಸಂಪರ್ಕ ಬಂತು. ಆದರೆ ಬಾಗಿಲು ಭದ್ರವಾಗಿದೆಯೇ? ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಬೆಂಬಲ ಮುಗಿದರೂ ಯಂತ್ರ ನಡೆಯುತ್ತದೆ. ಹೊಸದಾಗಿ ಕಂಡ ಬಿರುಕನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ತತ್ತರಿಸಿದವು. ಆಗ ಬೆಂಬಲದಲ್ಲಿದ್ದ ವಿಂಡೋಸ್‌ಗಳಿಗೆ ಅದರ ಮದ್ದು ಮಾರ್ಚ್ ತಿಂಗಳಲ್ಲೇ ಬಂದಿತ್ತು. ಬಂದ ಮದ್ದನ್ನು ಹಾಕಿಕೊಳ್ಳದವರು ಅನೇಕರಿದ್ದರು!

ಆದ್ದರಿಂದ ಯಂತ್ರಕ್ಕೆ ಶಕ್ತಿಯಿದ್ದರೆ ವಿಂಡೋಸ್ 11ಕ್ಕೆ ಏರಿಸೋಣ. ಇಲ್ಲದಿದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ತಿಳಿದವರಿಂದ ಹಾಕಿಸೋಣ. ಅದೂ ಆಗದಿದ್ದರೆ ಇಂಟರ್ನೆಟ್ ತೆಗೆದು, ಟೈಪಿಂಗಿಗೂ ಫೋಟೋ ನೋಡುವುದಕ್ಕೂ ಉಳಿಸಿಕೊಳ್ಳೋಣ. ಯಾವುದನ್ನು ಮಾಡುವ ಮೊದಲೂ ಫೋಟೋಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಳಚಿ ಕಪಾಟಿನಲ್ಲಿಡೋಣ. ‘ಕ್ರ್ಯಾಕ್’ ಮಾಡಿದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಳ್ಳುವವರಿದ್ದಾರೆ. ಪರರ ದುಡಿಮೆಯನ್ನು ಕದಿಯುವುದು ಒಂದು ತಪ್ಪು. ಅದರ ಜೊತೆಗೆ ಕಳ್ಳನೇ ಮನೆಯೊಳಗೆ ಬರಬಹುದು ಎಂಬುದು ಇನ್ನೊಂದು ಅಪಾಯ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರದಲ್ಲಿಲ್ಲ, ನಮ್ಮ ಹೆದರಿಕೆಯಲ್ಲಿದೆ. ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಅಕ್ಷರ, ಕಿವಿಗಡಚಿಕ್ಕುವ ಸೈರನ್, ‘ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ. ಇದು ಬಲೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿದರೆ ಆ ಕಡೆಯವರು ಒಂದು ಆ್ಯಪ್ ಹಾಕಿಸಿ, ನಮ್ಮ ಕಂಪ್ಯೂಟರನ್ನು ತಮ್ಮ ಕೈಗೆ ತೆಗೆದುಕೊಂಡು, ಬ್ಯಾಂಕಿನ ಖಾತೆ ತೆರೆಸುತ್ತಾರೆ. ಜೀವಮಾನದ ಉಳಿತಾಯ ಕರಗಲು ಹೆಚ್ಚು ಹೊತ್ತು ಬೇಡ. ಅಂಥ ಪರದೆ ಬಂದರೆ ಆಲ್ಟ್ ಮತ್ತು ಎಫ್ 4 ಕೀಲಿಗಳನ್ನು ಒಟ್ಟಿಗೆ ಒತ್ತಿ ಮುಚ್ಚೋಣ. ಮುಚ್ಚದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸೋಣ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರಬಾರದು. ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಪ್ರಿಯರೇ, ಒಂಟಿಯಾಗಿರುವ ಹಿರಿಯರೇ ಈ ಬಲೆಗೆ ಸುಲಭವಾಗಿ ಸಿಕ್ಕುತ್ತಾರೆ. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಮಕ್ಕಳಿಗೆ ತೊಂದರೆ ಕೊಡಲು ಸಂಕೋಚ. ಯುವಕ ಯುವತಿಯರೇ, ಈ ಭಾನುವಾರ ಪೂಜೆ ಮುಗಿದ ಮೇಲೆ ನೆರೆಯ ಅಜ್ಜ ಅಜ್ಜಿಯರ ಮನೆಗೆ ಹೋಗಿ ಅರ್ಧ ಗಂಟೆ ಕುಳಿತುಕೊಳ್ಳಿ. ತಾರೀಕು ನೋಡಿ, ಫೋಟೋಗಳನ್ನು ಉಳಿಸಿಕೊಡಿ, 1930 ಎಂದು ದೊಡ್ಡದಾಗಿ ಬರೆದು ಪರದೆಯ ಪಕ್ಕ ಅಂಟಿಸಿ. ಅದರ ಕೆಳಗೆ ನಿಮ್ಮ ನಂಬರನ್ನೂ ಬರೆಯಿರಿ. ಗಾಬರಿಯಾದಾಗ ಅವರು ಮೊದಲು ನಿಮಗೆ ಕರೆ ಮಾಡುವಂತಾಗಲಿ.