ಕಣ್ಣಿನ ಹಿಂದಿನ ಕೆಂಡ: ಗುಚ್ಛ ತಲೆಶೂಲೆಯನ್ನು ಅರಿಯೋಣ

ಮೂಡಲಗಿ ಕಡೆಯ ರೈತರೊಬ್ಬರು ನನಗೆ ಬಹುಕಾಲದ ಪರಿಚಿತರು. ಕೆಲವು ವರ್ಷಗಳ ಹಿಂದೆ, ಕಬ್ಬಿಗೆ ನೀರು ಹಾಯಿಸುವ ಕಾಲದಲ್ಲಿ, ಒಂದು ಕಣ್ಣು ಕೆಂಪಾಗಿ ನಮ್ಮ ಮನೆಗೆ ಬಂದರು. "ಗುರುಗಳ, ಕಣ್ಣಾಗ ಕಾದ ಸಲಾಕಿ ಚುಚ್ಚಿಧಾಂಗ ಆಗತೈತ್ರಿ. ದಿನಾ ರಾತ್ರಿ ಎರಡರ ಸುಮಾರಿಗೆ ಎಬ್ಬಸತೈತಿ" ಎಂದರು. ಕತ್ತಲೆಯ ಕೋಣೆಯಲ್ಲಿ ಅಲುಗಾಡದೆ ಮಲಗಿರೆಂದು ನಾನು ಹೇಳಿದೆ. ಅದು ಅರೆತಲೆನೋವಿಗೆ ಹೇಳುವ ಮಾತು. ನನ್ನ ಅಜ್ಞಾನವನ್ನು ನಂಬಿ ಅವರು ಮತ್ತೊಂದು ವರುಷ ನರಳಿದರು. ಅಷ್ಟರಲ್ಲಿ ಎರಡು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡಿದ್ದರು. ಗಾಳಿ ಸೋಕಿದೆಯೆಂದು ಮನೆಯ ಹಿರಿಯರು ಕಣತಲೆಗೆ ಬರೆ ಹಾಕಿಸಿದ್ದರು.

ಕೊನೆಗೆ ಬೆಳಗಾವಿಯ ನರರೋಗ ತಜ್ಞರು ಕೇಳಿದ್ದು ಮೂರೇ ಪ್ರಶ್ನೆ: ನೋವು ಎಲ್ಲಿ? ಎಷ್ಟು ಹೊತ್ತು? ಬಂದಾಗ ಮಲಗುತ್ತೀರೋ, ತಿರುಗಾಡುತ್ತೀರೋ? ಉತ್ತರದಲ್ಲಿಯೇ ರೋಗ ಸಿಕ್ಕಿತು. ಅದರ ಹೆಸರು ಕ್ಲಸ್ಟರ್ ತಲೆನೋವು, ಅಂದರೆ ಗುಚ್ಛ ತಲೆಶೂಲೆ.

ಇದು ಒಂದೇ ಪಕ್ಕದ ಕಣ್ಣಿನ ಸುತ್ತ ಅಥವಾ ಕಣತಲೆಯಲ್ಲಿ ಏಳುವ ಅತಿತೀವ್ರ ನೋವು. 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ. ದಿನಕ್ಕೆ 8 ಸಲವೂ ಬರಬಹುದು. ಅದೇ ಪಕ್ಕದ ಕಣ್ಣಲ್ಲಿ ನೀರು, ಮೂಗು ಕಟ್ಟುವುದು, ರೆಪ್ಪೆ ಜೋಲುವುದು ಇದರ ಗುರುತುಗಳು. ಅರೆತಲೆನೋವಿನವರು ಅಲುಗದೆ ಮಲಗಬಯಸುತ್ತಾರೆ. ಈ ರೋಗಿ ಕುಳಿತಲ್ಲಿ ಕೂಡಲಾರದೆ ತಿರುಗಾಡುತ್ತಾನೆ. ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಗೊಂಚಲಾಗಿ ಬಂದು, ಬಳಿಕ ತಿಂಗಳುಗಟ್ಟಲೆ ಮರೆಯಾಗುತ್ತದೆ. ಸಾವಿರಕ್ಕೆ ಸುಮಾರು ಒಬ್ಬರನ್ನು ಕಾಡುವ ಈ ರೋಗ ಗಂಡಸರಲ್ಲಿ ಹೆಚ್ಚು.

ಸೂರ್ಯಾವರ್ತ, ಅರ್ಧಾವಭೇದಕ ಎಂಬ ಶಿರೋರೋಗಗಳನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಈ ರೋಗ ಅವುಗಳಲ್ಲಿ ಒಂದೇ ಎಂದು ಅವಸರದಿಂದ ನಿರ್ಣಯಿಸುವುದು ತರವಲ್ಲ. ಅಮೆರಿಕದ ವೈದ್ಯ ಹಾರ್ಟನ್ 1939ರಲ್ಲಿ ಇದನ್ನು ವಿವರಿಸಿದರು. ನೋವಿನ ವೇಳೆ ಮಿದುಳಿನ ತಳದ ಹೈಪೋಥಾಲಮಸ್ ಭಾಗ ಚುರುಕಾಗುವುದೆಂದು 1998ರಲ್ಲಿ ಚಿತ್ರಣದಿಂದ ತಿಳಿಯಿತು. ನಿದ್ರೆ-ಎಚ್ಚರಗಳ ಗಡಿಯಾರ ಇರುವುದು ಅಲ್ಲಿಯೇ. ಆದುದರಿಂದಲೇ ನೋವು ಗಡಿಯಾರ ನೋಡಿ ಬಂದಂತೆ ಬರುತ್ತದೆ.

ಚಿಕಿತ್ಸೆ ಎರಡು ಬಗೆ. ಬಂದ ನೋವನ್ನು ನಿಲ್ಲಿಸಲು ಶುದ್ಧ ಆಮ್ಲಜನಕವನ್ನು ಮುಖವಾಡದ ಮೂಲಕ ನಿಮಿಷಕ್ಕೆ 12ರಿಂದ 15 ಲೀಟರಿನಂತೆ 15-20 ನಿಮಿಷ ಉಸಿರಾಡಬೇಕು. 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆಮ್ಲಜನಕದಿಂದ 15 ನಿಮಿಷದಲ್ಲಿ ಶೇ. 78ರಷ್ಟು ನೋವುಗಳು ಶಮನವಾದವು. ಬರಿಯ ಗಾಳಿಯಿಂದ ಶೇ. 20. ಕೋವಿಡ್ ಕಾಲದಲ್ಲಿ ಮನೆಗಳಿಗೆ ಬಂದ ಕಾನ್ಸಂಟ್ರೇಟರ್ ಯಂತ್ರದ ಹರಿವು ಇದಕ್ಕೆ ಸಾಮಾನ್ಯವಾಗಿ ಸಾಲದು. ವೆಲ್ಡಿಂಗ್ ಅಂಗಡಿಯ ಸಿಲಿಂಡರನ್ನು ತರಲೇಬಾರದು. ಆಮ್ಲಜನಕದ ಬಳಿ ದೀಪ, ಬೀಡಿ ಇರಬಾರದು. ಸುಮಾಟ್ರಿಪ್ಟಾನ್ ಚುಚ್ಚುಮದ್ದೂ ಬೇಗ ಫಲಿಸುತ್ತದೆ, ಹೃದ್ರೋಗಿಗಳಿಗೆ ಸಲ್ಲದು. ನೋವು ಬಾರದಂತೆ ತಡೆಯಲು ವೆರಪಾಮಿಲ್ ಕೊಡುತ್ತಾರೆ. ಅದಕ್ಕೆ ಇಸಿಜಿ ಪರೀಕ್ಷೆ ಅವಶ್ಯ. ಸಾಮಾನ್ಯ ನೋವಿನ ಗುಳಿಗೆ ಕೆಲಸ ಮಾಡುವ ಹೊತ್ತಿಗೆ ನೋವು ತಾನೇ ಮುಗಿದಿರುತ್ತದೆ. ನೋವಿನ ದಿನಗಳಲ್ಲಿ ಮದ್ಯದ ಗುಟುಕೂ ಕೆಂಡಕ್ಕೆ ಗಾಳಿಯಾದೀತು.

ಗೋಕಾಕ, ಹುಕ್ಕೇರಿ, ಮೂಡಲಗಿ ತಾಲೂಕುಗಳ ಬಂಧುಗಳು ಮೊದಲು ಸಮೀಪದ ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನರರೋಗ ತಜ್ಞರಿಗೆ ಚೀಟಿ ಪಡೆಯಬಹುದು. ನೋವು ಬಂದ ವೇಳೆ, ಇದ್ದ ಅವಧಿ, ಕಣ್ಣು-ಮೂಗಿನ ಲಕ್ಷಣಗಳನ್ನು ಬರೆದಿಟ್ಟುಕೊಂಡು ಹೋಗಿರಿ. ಜ್ವರ, ಕೈಕಾಲು ಬಲಹೀನತೆ, ದೃಷ್ಟಿ ಮಂಕಾಗುವಿಕೆ ಕೂಡಿದ್ದರೆ ತಡಮಾಡಬೇಡಿರಿ.

ಮನೆಯವರಿಗೆ ಒಂದು ಮಾತು. ಈ ನೋವಿನಲ್ಲಿ ಜೀವವೇ ಬೇಡವೆನಿಸುವುದುಂಟು. ನನ್ನ ಪರಿಚಿತರೂ ಒಂದು ರಾತ್ರಿ ಬಾವಿಯ ದಂಡೆಯವರೆಗೆ ಹೋಗಿ, ಹಿಂದೆಯೇ ಬಂದ ಹೆಂಡತಿಯ ಕರೆಗೆ ಮರಳಿದ್ದರು. ಈಗ ಮಾತ್ರೆ, ಸಿಲಿಂಡರುಗಳ ನೆರವಿನಿಂದ ಅವರು ನಿದ್ದೆ ಮಾಡುತ್ತಾರೆ. ರಾತ್ರಿ ತಲೆ ಹಿಡಿದು ಅಂಗಳದಲ್ಲಿ ತಿರುಗುವವರನ್ನು ಕಂಡರೆ, ಸುಮ್ಮನೆ ಮಲಗೆಂದು ಗದರಬೇಡಿರಿ. ಜೊತೆಗಿರಿ, ಬೆಳಗಾದೊಡನೆ ವೈದ್ಯರಲ್ಲಿಗೆ ಕರೆದೊಯ್ಯಿರಿ.