ಸೀರೆ ಉಟ್ಟ ಸ್ಕಾಟ್‌ಲೆಂಡಿನ ಗಂಡಸರು

ಸ್ಕಾಟ್‌ಲೆಂಡಿನ ಗಂಡಸರು ಉಡುವ ಮೋಟು ನೆರಿಗೆ ಲಂಗಕ್ಕೆ ಸೀರೆ ಎನ್ನುತ್ತಾರೆ.

ಓದಿ ನಗು ಬಂದಿರಬೇಕು. ಅಮೆರಿಕದ ಮನೋವಿಜ್ಞಾನಿ ಲೀಸಾ ಫಾಜಿಯೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳ ಮುಂದಿಟ್ಟದ್ದು ಇಂಥವೇ ವಾಕ್ಯಗಳನ್ನು. ಆ ಲಂಗದ ಹೆಸರು ಕಿಲ್ಟ್ ಎಂದು ಬಲ್ಲವರೂ ಜಾರಿದರು: ಹೊಸದಾಗಿ ಕಂಡ ಸುಳ್ಳಿಗಿಂತ ಹಿಂದೊಮ್ಮೆ ಓದಿದ್ದ ಸುಳ್ಳು ಸರಾಸರಿಯಲ್ಲಿ ಹೆಚ್ಚು ನಿಜವೆನಿಸಿತು. ಪುನರಾವರ್ತನೆಯ ಈ ಕೈಚಳಕ 1977ರಲ್ಲೇ ಬಯಲಾಗಿತ್ತು. ಲಿನ್ ಹ್ಯಾಷರ್, ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಥಾಮಸ್ ಟೊಪ್ಪಿನೊ ಎರಡೆರಡು ವಾರ ಬಿಟ್ಟು ಮೂರು ಸಲ ವಿದ್ಯಾರ್ಥಿಗಳಿಗೆ ಹೇಳಿಕೆಗಳನ್ನು ಕೇಳಿಸಿದ್ದರು. ಮರುಕಳಿಸಿದ ಹೇಳಿಕೆಗಳ ಮೇಲೆ, ನಿಜವಿರಲಿ ಸುಳ್ಳಿರಲಿ, ನಂಬಿಕೆ ಏರುತ್ತ ಹೋಯಿತು. ಪುರಾವೆ ಮಾತ್ರ ಒಂದಿಷ್ಟೂ ಬೆಳೆದಿರಲಿಲ್ಲ.

ಕಾರಣವೇನು? ಒಮ್ಮೆ ಓದಿದ್ದನ್ನು ಮಿದುಳು ಎರಡನೇ ಸಲ ಸಲೀಸಾಗಿ ಓದುತ್ತದೆ. ಆ ಸಲೀಸುತನವನ್ನೇ ಸತ್ಯದ ಗುರುತೆಂದು ಭಾವಿಸುತ್ತದೆ.

ಸರಿ, ಕಾರಣ ಗೊತ್ತಾಯಿತು. ಇನ್ನು ಮೋಸಹೋಗುವುದಿಲ್ಲ ಅನ್ನಿಸುತ್ತದೆ ಅಲ್ಲವೇ? ಮುಂಚೆಯೇ ಎಚ್ಚರಿಸಿ ನಡೆಸಿದ ಪ್ರಯೋಗಗಳಲ್ಲೂ ಈ ಪರಿಣಾಮ ತಗ್ಗಿತೇ ಹೊರತು ಅಳಿಯಲಿಲ್ಲ.

ಇನ್ನೊಂದು ತೊಡಕೂ ಇದೆ. ನಂಬಿಕೆಯ ಮೂಲ ವಿಚಿತ್ರವಾದ ಮಾತ್ರಕ್ಕೆ ನಂಬಿಕೆ ಸುಳ್ಳಾಗುವುದಿಲ್ಲ. ತನ್ನ ಸೂತ್ರಗಳು ನಾಮಕ್ಕಲ್ಲಿನ ನಾಮಗಿರಿ ದೇವಿಯ ಕೃಪೆ ಎನ್ನುತ್ತಿದ್ದರು ಗಣಿತಜ್ಞ ರಾಮಾನುಜನ್. 1913ರಲ್ಲಿ ಅವರ ಪತ್ರ ತಲುಪಿದಾಗ ಇಂಗ್ಲೆಂಡಿನ ಗಣಿತಜ್ಞ, ನಾಸ್ತಿಕ ಹಾರ್ಡಿ ಕೇಳಿದ್ದು ರುಜುವಾತನ್ನು, ಸೂತ್ರದ ಜಾತಕವನ್ನಲ್ಲ. ಹಲವು ಸೂತ್ರಗಳು ಬೆರಗು ಹುಟ್ಟಿಸುವಷ್ಟು ಸರಿಯಾಗಿದ್ದವು. ಅವಿಭಾಜ್ಯ ಸಂಖ್ಯೆಗಳ ಬಗೆಗಿನ ಕೆಲವು ಮಾತುಗಳು ತಪ್ಪಾಗಿದ್ದವು. ಎಲ್ಲವೂ ಹೊಳೆದದ್ದು ಅದೇ ತಲೆಯಲ್ಲಿ. ಸರಿ ತಪ್ಪು ಬೇರ್ಪಡಿಸಲು ಮೂಲದ ವಿಚಾರಣೆಯಿಂದ ಆಗುತ್ತಿರಲಿಲ್ಲ.

ಆದರೆ ನಮ್ಮ ನಂಬಿಕೆಗಳಲ್ಲಿ ಬಹುಪಾಲನ್ನು ನಾವು ರುಜುವಾತು ಮಾಡಿ ನೋಡಿರುವುದಿಲ್ಲ. ಯಾವ ಎಣ್ಣೆ ಹೃದಯಕ್ಕೆ ಒಳ್ಳೆಯದು, ಯಾವ ಸೊಪ್ಪು ಸಕ್ಕರೆ ಕಾಯಿಲೆಗೆ ಮದ್ದು ಎಂಬುದೆಲ್ಲ ಯಾರೋ ಹೇಳಿ ಬಂದದ್ದು. ಅಲ್ಲಿ ಮೂಲ ಹುಡುಕುವುದು ದಂಡವಲ್ಲ. ಐದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಂದ ಸೊಪ್ಪಿನ ಸಂದೇಶ ಒಂದೇ ಕಡೆಯಿಂದ ಹೊರಟಿದ್ದರೆ ಸಾಕ್ಷಿ ಐದಲ್ಲ, ಒಂದೇ. ಆ ಸೊಪ್ಪಿನ ಗುಣ ಸುಳ್ಳೆಂದು ಇದರಿಂದ ಸಾಬೀತಾಗದು. ಉಳಿದ ನಾಲ್ಕನ್ನು ಲೆಕ್ಕದಿಂದ ಬಿಡಬಹುದು, ಅಷ್ಟೆ.

ಪುನರಾವರ್ತನೆಯ ಮೋಸ ತಪ್ಪಿಸಲು ಸಂಶೋಧಕರು ಇನ್ನೊಂದು ಉಪಾಯವನ್ನೂ ಪರೀಕ್ಷಿಸಿದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಓದಿನಲ್ಲೇ ‘ಇದು ನಿಜವೇ?’ ಎಂದು ತೂಗಿ ನೋಡಿದವರ ಮೇಲೆ ಪುನರಾವರ್ತನೆಯ ಆಟ ನಡೆಯಲಿಲ್ಲ. ಆದರೆ ಅವರಿಗೆ ಮೊದಲೇ ಉತ್ತರ ಗೊತ್ತಿದ್ದ ವಿಷಯಗಳಲ್ಲಿ ಮಾತ್ರ. ಕಿಲ್ಟ್ ಎಂಬ ಹೆಸರನ್ನೇ ಕೇಳದವರಿಗೆ ಈ ಉಪಾಯವೂ ನೆರವಾಗದು.