ವಿಳಾಸವುಳ್ಳ ವಿಷ

ಹೇರಿ ಸೆಲ್ ಲ್ಯುಕೇಮಿಯಾ ನಿಧಾನವಾಗಿ ಬೆಳೆಯುವ, ಅಪರೂಪದ ರಕ್ತದ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಅಂಚಿಗೆ ಕೂದಲೆಳೆಯಂಥ ಚಾಚುಗಳು ಕಾಣುವುದರಿಂದ ಈ ಹೆಸರು. ಕ್ಲಾಡ್ರಿಬಿನ್ ಔಷಧಿಗೆ ಇದು ಸಾಮಾನ್ಯವಾಗಿ ಮಣಿಯುತ್ತದೆ. ಕೆಲವರಲ್ಲಿ ಮಾತ್ರ ಮರುಕಳಿಸುತ್ತದೆ; ಆಗ ಅದೇ ಔಷಧಿಗೆ ಮೊದಲಿನಷ್ಟು ಜಗ್ಗುವುದಿಲ್ಲ. ಅಂಥವರಿಗಾಗಿ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಐರಾ ಪಾಸ್ಟನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ವಿಷವನ್ನೇ ಮದ್ದಾಗಿಸಿದರು.

ಮಣ್ಣಿನಲ್ಲೂ ನೀರಿನಲ್ಲೂ ಇರುವ ಸ್ಯೂಡೊಮೊನಾಸ್ ಸುಟ್ಟಗಾಯಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ. ಅದರ ವಿಷದಲ್ಲಿ, ಕಂಡ ಕೋಶಕ್ಕೆಲ್ಲ ಅಂಟಿಕೊಳ್ಳುವ ತುಂಡನ್ನು ತೆಗೆದುಹಾಕಿ, ಆ ಜಾಗಕ್ಕೆ ಸಿಡಿ-22 ಎಂಬ ಗುರುತನ್ನು ಹುಡುಕುವ ಪ್ರತಿಕಾಯದ ತುಣುಕನ್ನು ಬೆಸೆಯಲಾಯಿತು. ಈ ಗುರುತು ಇರುವುದು ಈ ಕ್ಯಾನ್ಸರ್ ಹುಟ್ಟುವ, ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಮೇಲೆ. ರಕ್ತ ಹುಟ್ಟಿಸುವ ಕಾಂಡಕೋಶಗಳ ಮೇಲೆ ಇಲ್ಲ. ಹಾಗಾಗಿ ರೋಗದ ಕೋಶಗಳ ಜೊತೆ ಆರೋಗ್ಯವಂತ ಬಿ ಕೋಶಗಳು ಸತ್ತರೂ ಹೊಸವು ಹುಟ್ಟಿಬರುತ್ತವೆ.

ಒಳಹೊಕ್ಕ ವಿಷ ಮಾಡುವ ಕೆಲಸವೇ ಇಡೀ ಕಥೆಯ ಸೋಜಿಗ. ಕೋಶದಲ್ಲಿ ಪ್ರೋಟೀನು ಹೆಣೆಯುವಾಗ ಎಳೆಯನ್ನು ಮುಂದೆ ಸರಿಸುವುದು ಇಎಫ್-2 ಎಂಬ ಪ್ರೋಟೀನು. ಅದರಲ್ಲಿ ಡಿಫ್ತಮೈಡ್ ಎಂಬ ಮಾರ್ಪಟ್ಟ ಅಮೈನೋ ಆಮ್ಲವೊಂದಿದೆ. ಯೀಸ್ಟಿನಿಂದ ಮನುಷ್ಯನವರೆಗೆ ಇದು ಸಿಗುವುದು ಇದೊಂದೇ ಪ್ರೋಟೀನಿನಲ್ಲಿ, ಅದೂ ಒಂದೇ ಜಾಗದಲ್ಲಿ. ಈ ಒಂದು ಚುಕ್ಕೆಯನ್ನು ಕಟ್ಟಲು ಹಲವು ಜೀನುಗಳು ದುಡಿಯುತ್ತವೆ. ಆದರೂ ಪ್ರಯೋಗಾಲಯದಲ್ಲಿ ಇದಿಲ್ಲದೆಯೂ ಕೋಶ ಬದುಕಬಲ್ಲದು. ಇಷ್ಟು ಶ್ರಮ ಯಾಕಾಗಿ ಎಂಬ ಪ್ರಶ್ನೆ ಜೀವವಿಜ್ಞಾನದ ಸುಂದರ ಒಗಟುಗಳಲ್ಲೊಂದು. ಗಂಟಲಮಾರಿಯ ಅಂದರೆ ಡಿಫ್ತೀರಿಯಾದ ವಿಷ ಎರಗುವುದು ಇಲ್ಲಿಗೇ. ಹೆಸರೂ ಅಲ್ಲಿಂದಲೇ ಬಂತು. ಸ್ಯೂಡೊಮೊನಾಸ್ ವಿಷ ಕೂಡ ಇದನ್ನೇ ಗುರಿ ಮಾಡಿಕೊಂಡಿದೆ. ವಿಷ ಇಲ್ಲಿಗೆ ಒಂದು ಅಣುವನ್ನು ಅಂಟಿಸಿದರೆ ಇಎಫ್-2 ನಿಂತುಹೋಗುತ್ತದೆ. ವಿಷ ಸ್ವತಃ ಕಿಣ್ವವಾದ್ದರಿಂದ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಡಿಫ್ತೀರಿಯಾ ವಿಷದ ಕಿಣ್ವಭಾಗದ ಒಂದೇ ಅಣು ಒಳಸೇರಿದರೂ ಕೋಶ ಸಾಯುತ್ತದೆಂದು ಜಪಾನಿನ ವಿಜ್ಞಾನಿಗಳು 1978ರಲ್ಲಿ ತೋರಿಸಿದರು. ಕೀಮೊಥೆರಪಿಗೆ ಬಗ್ಗದ ಕೋಶವನ್ನೂ ಇದು ಬಗ್ಗಿಸುವುದು ಹೀಗೆ: ಹೆಚ್ಚಿನ ಕೀಮೊ ಔಷಧಿಗಳು ಡಿಎನ್‌ಎ ಮೇಲೆ ಬಿದ್ದರೆ, ಇದರ ದಾರಿಯೇ ಬೇರೆ.

2001ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ, ಕ್ಲಾಡ್ರಿಬಿನ್‌ಗೆ ಮಣಿಯದ 16 ರೋಗಿಗಳ ಪೈಕಿ 11 ಮಂದಿಯಲ್ಲಿ ರೋಗ ಪೂರ್ಣವಾಗಿ ಶಮನಗೊಂಡಿತು. ಇಷ್ಟು ಹಠಮಾರಿ ರೋಗದಲ್ಲಿ ಅದು ಬೆರಗಿನ ಫಲ. ಪ್ರತಿಕಾಯದ ತುಣುಕಿನಲ್ಲಿ ಮೂರು ಅಮೈನೋ ಆಮ್ಲ ಬದಲಿಸಿದಾಗ ಹಿಡಿತ ಸುಮಾರು 14 ಪಟ್ಟು ಬಿಗಿಯಾಯಿತು. ಆ ರೂಪವೇ ಮಾಕ್ಸೆಟುಮೊಮ್ಯಾಬ್. 80 ಜನರ ಪ್ರಯೋಗದಲ್ಲಿ 75% ಮಂದಿಗೆ ಗುಣ ಕಂಡು, 2018ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ರಕ್ತನಾಳಗಳಿಂದ ದ್ರವ ಸೋರುವುದು, ಕೆಂಪುಕಣ ಒಡೆದು ಮೂತ್ರಪಿಂಡ ಕೆಡುವುದು ಇದರ ಅಪಾಯಗಳು. ಬಳಸುವವರು ತೀರಾ ಕಡಿಮೆಯಾದ್ದರಿಂದ ತಯಾರಕರು 2023ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಬೇರೆ ದಾರಿಯಿಲ್ಲದ ಕೆಲವರ ಪಾಲಿಗೆ ಇದು ದೊಡ್ಡ ನಷ್ಟ.

ಈ ವಿಷಕ್ಕೂ ಕ್ಯಾನ್ಸರ್ ಕೋಶ ಪ್ರತಿತಂತ್ರ ಹೂಡಬಲ್ಲದು. ಡಿಫ್ತಮೈಡ್ ಕಟ್ಟುವ ಜೀನೊಂದಕ್ಕೆ ಮೀಥೈಲ್ ಗುಂಪುಗಳ ಬೀಗ ಜಡಿದರೆ ವಿಷಕ್ಕೆ ಗುರಿಯೇ ಉಳಿಯುವುದಿಲ್ಲ. ಡಿಫ್ತೀರಿಯಾ ವಿಷದಿಂದ ಮಾಡಿದ ಟ್ಯಾಗ್ರಾಕ್ಸೊಫಸ್ಪ್ ಎಂಬ ಔಷಧಿಯಲ್ಲೂ ಹೀಗೇ ಆಗುವುದು ಕಂಡಿದೆ. ಆ ಬೀಗ ತೆರೆಯಲು ಅಜಾಸೈಟಿಡಿನ್ ಎಂಬ ಹಳೆಯ ಔಷಧಿ ಒದಗುತ್ತದೆ. ಟ್ಯಾಗ್ರಾಕ್ಸೊಫಸ್ಪ್ ಮತ್ತು ಅಜಾಸೈಟಿಡಿನ್ ಎರಡನ್ನೂ ಜೊತೆಗೂಡಿಸಿದ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ.